ಎಲೆಕ್ಷನ್ ಬಂತು, ಕೋವಿ ತಂದು ಒಪ್ಪಿಸಿ

2024ರ ಮಾರ್ಚ್ 16, ಶನಿವಾರ ಮಧ್ಯಾಹ್ನ. ಟೀವಿಲಿ ಚುನಾವಣಾ ಆಯೋಗದವ್ರು ಲೋಕಸಭೆ ಎಲೆಕ್ಷನ್ ತಾರೀಕು ಹೇಳ್ತಾ ಇದ್ರು, ನಮ್ಮ ಜಿಲ್ಲೆಗೆ ಯಾವತ್ತು ಅಂತ ಬರೋದಕ್ಕೆ ಮುಂಚೆನೇ ಅಪ್ಪಯ್ಯ ಎದ್ದು ಒಳಗೆ ಹೋದ್ರು. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಜಗಲಿ ಮೇಲೆ ಹಳೇ ಪಂಚೆ ಹಾಸ್ಕೊಂಡು ಕೂತಿದಾರೆ, ಕೋವಿ ನಳಿಗೆ ಬೇರೆ ಮಾಡಿ ಇಟ್ಟಿದಾರೆ, ಪಕ್ಕದಲ್ಲಿ ಹೊಲಿಗೆ ಮಷಿನ್ನಿಗೆ ಬಿಡೋ ಎಣ್ಣೆ ಬಾಟ್ಲಿ. ಬಟ್ಟೆ ಚೂರಿಗೆ ಎಣ್ಣೆ ಅದ್ದಿ ನಳಿಗೆ ಒಳಗೆ ಕಡ್ಡಿಲಿ ತಳ್ಳಿ ತಳ್ಳಿ ತೆಗೀತಿದ್ರು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡೋರು, ಮತ್ತೆ ಎಣ್ಣೆ ಹಾಕೋರು. ಯಾಕೆ ಇಷ್ಟು ಅಂದ್ರೆ "ಮೂರು ತಿಂಗಳು ಯಾರೂ ಮುಟ್ಟಲ್ಲ ಮಗ, ಅಲ್ಲಿ ಗೋಡೆ ತೇವ" ಅಂದ್ರು ಅಷ್ಟೆ.

ಸೋಮವಾರ ಬೆಳಿಗ್ಗೆ ಸ್ಟೇಷನ್ನಿಂದ ಫೋನ್ ಬಂತು. ಗೌಡ್ರೇ, ಈ ವಾರದೊಳಗೆ ತಂದು ಒಪ್ಪಿಸ್ಬಿಡಿ, ಡಿಸಿ ಆರ್ಡರ್ ಆಗಿದೆ ಅಂತ. ಯಾರೂ ಜೋರು ಮಾಡಿಲ್ಲ, ಫೋನ್ ಮಾಡಿದ ಹುಡುಗನೂ ಒಳ್ಳೆಯವನೇ, ಅವನ ಅಜ್ಜನ ಮನೇಲೂ ಕೋವಿ ಇದೆ. ಮಲೆನಾಡು, ಕರಾವಳಿ ಕಡೆ ಲೈಸನ್ಸ್ ಕೋವಿ ಇಟ್ಕೊಂಡಿರೋ ಪ್ರತಿ ಮನೆಗೂ ಇದು ಗೊತ್ತಿರೋ ಕಥೆ. ವಿಧಾನಸಭೆ ಬಂದ್ರೆ ಒಂದು ಸಲ, ಲೋಕಸಭೆ ಬಂದ್ರೆ ಒಂದು ಸಲ, ನಡುವೆ ಪಂಚಾಯ್ತಿ ಎಲೆಕ್ಷನ್ ಬಂದ್ರೂ ಕೆಲವು ಸಲ. ಕೋವಿ ಎತ್ಕೊಂಡು ಹೋಗಿ ಕೊಟ್ಟು, ರಶೀದಿ ಇಸ್ಕೊಂಡು, ಮುಗಿದ ಮೇಲೆ ಮತ್ತೆ ಹೋಗಿ ತರಬೇಕು.

ನಾನು ಆ ಸಲ ಜೊತೆಗೆ ಹೋಗಿದ್ದೆ. ರೈಟರ್ ರೂಮಿನ ಮೂಲೆಲಿ ಕೋವಿಗಳು ಸಾಲಾಗಿ ಗೋಡೆಗೆ ಒರಗಿದ್ವು, ಪ್ರತಿಯೊಂದಕ್ಕೂ ರಟ್ಟಿನ ಚೂರು ಸಣಬಿನ ದಾರದಲ್ಲಿ ಕಟ್ಟಿ ಹೆಸರು, ಊರು, ಲೈಸನ್ಸ್ ನಂಬರ್ ಬರ್ದಿದ್ರು. ಕೇಪಿನ ಕೋವಿ, ತೋಟೆ ಕೋವಿ, ಒಂದೆರಡು ಜೋಡುನಳಿಗೆ. ಬೆಂಚಿನ ಮೇಲೆ ಕೂತಿದ್ದೋರಲ್ಲಿ ಅರವತ್ತು ದಾಟದವ್ರು ಇಬ್ರೋ ಮೂವರೋ. ಒಬ್ರು ಮೊಣಕಾಲು ನೋವಿಗೆ ಬೆಲ್ಟ್ ಹಾಕ್ಕೊಂಡು ಬಂದಿದ್ರು, ಇನ್ನೊಬ್ರಿಗೆ ಕಿವಿ ಕೇಳ್ಸಲ್ಲ, ಹೆಸರು ಕರೆದಾಗ ಪಕ್ಕದವ್ರು ತೋಳು ಮುಟ್ಟಿ ಎಬ್ಬಿಸ್ತಿದ್ರು. ಇವ್ರೆಲ್ಲ ಸೇರಿ ಎಲೆಕ್ಷನ್ನಲ್ಲಿ ಗಲಾಟೆ ಮಾಡ್ತಾರೆ ಅಂತ ಅಲ್ಲಿದ್ದ ಪೊಲೀಸರಲ್ಲೂ ಒಬ್ರೂ ನಂಬಿರ್ಲಿಲ್ಲ. ಆದ್ರೂ ಎಲ್ರೂ ಸಾಲಲ್ಲಿ ನಿಂತಿದ್ರು, ಯಾಕಂದ್ರೆ ಇವ್ರ ಹೆಸರು ಪುಸ್ತಕದಲ್ಲಿದೆ. ಕಳ್ಳಕೋವಿ ಇಟ್ಕೊಂಡವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಅವನಿಗೆ ಫೋನೂ ಬರಲ್ಲ. ಆ ಬೆಂಚಿನ ಹತ್ರ ನಿಂತಾಗಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ನಮ್ಮ ಕಡೆ ವೋಟಿಂಗ್ ಆಗಿದ್ದು ಏಪ್ರಿಲ್ 26ಕ್ಕೆ. ಆದ್ರೆ ದೇಶದಲ್ಲಿ ಏಳು ಹಂತ, ಎಣಿಕೆ ಜೂನ್ 4, ನೀತಿಸಂಹಿತೆ ತೆಗೆದಿದ್ದು ಜೂನ್ 6. ಮಾರ್ಚ್ 16ರಿಂದ ಲೆಕ್ಕ ಹಾಕಿದ್ರೆ 82 ದಿನ. ಆಮೇಲೂ ಒಂದು ವಾರ ಕಾಯ್ಬೇಕು ಅಂದ್ರು. ನಮ್ಮೂರಲ್ಲಿ ವೋಟು ಹಾಕಿದ ಶಾಯಿ ಉಗುರಿನ ತುದಿಗೆ ಬಂದು ಕತ್ತರಿಸಿ ಹೋಗೋ ಹೊತ್ತಿಗೂ ಕೋವಿ ಸ್ಟೇಷನ್ನಲ್ಲೇ. ಅಷ್ಟರಲ್ಲಿ ಮಂಗಗಳು ತೋಟದ ಕೆಳಗಿನ ಸಾಲಿನ ಎಳೆ ಅಡಿಕೆ ಕಿತ್ತು ಚೀಪಿ ಬಿಸಾಕಿದ್ವು, ಬಾಳೆಗೊನೆ ಒಂದೂ ಉಳೀಲಿಲ್ಲ. ಮೇ ಕೊನೇಲಿ ಮಳೆ ಬಿದ್ದು ನೆಲ ಮೆತ್ತಗಾದ್ಮೇಲೆ ಹಂದಿಗಳು ಬಂದ್ವು, ಹೊಸದಾಗಿ ನೆಟ್ಟ ಅಡಿಕೆ ಸಸಿನೆಲ್ಲ ಬುಡಸಮೇತ ಎಬ್ಬಿಸಿ ಹಾಕಿದ್ವು, ಬೆಳಿಗ್ಗೆ ಹೋಗಿ ನೋಡಿದ್ರೆ ಯಾರೋ ನೇಗಿಲು ಹೊಡೆದಂಗಿತ್ತು. ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ತಗಡಿನ ಡಬ್ಬ ಬಡಿಯೋರು. ಗರ್ನಾಲು ಹಚ್ಚಿ ಎಸೆದ್ವಿ, ಮೊದಲ ಎರಡು ದಿನ ಓಡಿದ್ವು, ಮೂರನೇ ದಿನ ತಲೆ ಎತ್ತಿ ನೋಡಿ ಮತ್ತೆ ಮೇಯೋಕೆ ಶುರು ಮಾಡಿದ್ವು.

ಪೇಟೆಲಿರೋ ಫ್ರೆಂಡ್ಸ್ ಕೇಳ್ತಾರೆ, ಕೋವಿ ಇದ್ದಿದ್ರೆ ಹೊಡೀತಿದ್ರಾ ಅಂತ. ಹೊಡೆಯೋಹಾಗಿಲ್ಲ. ಕಾಡುಹಂದಿ ಕೂಡ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಲಿರೋ ಪ್ರಾಣಿ, ಪರ್ಮಿಶನ್ ಇಲ್ಲದೆ ಹೊಡೆದ್ರೆ ಕೇಸು. ನಮ್ಮನೆ ಕೋವಿ ಇರೋದು ಆಕಾಶಕ್ಕೆ ಒಂದು ಈಡು ಹಾರಿಸೋದಕ್ಕೆ. ಆ ಶಬ್ದ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಲ್ಲ, ಅದಕ್ಕೆ ಪ್ರಾಣಿಗಳು ನಾಲ್ಕು ದಿನ ಈ ಕಡೆ ತಲೆ ಹಾಕಲ್ಲ. ಜೊತೆಗೆ ಒಂಟಿ ಮನೆ, ಹತ್ತಿರದ ಮನೆಗೆ ಒಂದೂವರೆ ಕಿಲೋಮೀಟರ್, ರಾತ್ರಿ ಯಾರಾದ್ರೂ ಅಂಗಳಕ್ಕೆ ಬಂದ್ರೆ ಪೊಲೀಸ್ ಜೀಪು ಬರೋದಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ನಮಗೂ ಗೊತ್ತು, ಪೊಲೀಸರಿಗೂ ಗೊತ್ತು.

ಯಾರ ತಂಟೆಗೂ ಹೋಗದವನ ಕೋವಿನ ಸರ್ಕಾರ ಯಾಕೆ ತಗೋಬೇಕು ಅನ್ನೋ ಈ ಯೋಚನೆಗೆ ಒಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಹ್ಯೂಸ್ಟನ್‌ನಲ್ಲಿ. ಕೆಲಸದ ಮೇಲೆ ಮೂರು ವರ್ಷ ಅಲ್ಲಿದ್ದೆ, ಆಫೀಸಲ್ಲಿ ನನ್ನ ಪಕ್ಕ ಕೂರ್ತಿದ್ದವನು ನ್ಯೂ ಆರ್ಲಿಯನ್ಸ್ ಕಡೆಯವನು, 2005ರ ಕತ್ರೀನಾ ಚಂಡಮಾರುತದಲ್ಲಿ ಊರು ಬಿಟ್ಟು ಬಂದ ಕುಟುಂಬ. ತನ್ನನ್ನ ಲಿಬರ್ಟೇರಿಯನ್ ಅಂತ ಕರ್ಕೋತಿದ್ದ. ಆ ಪದ ಕೇಳಿದ್ರೆ ನನಗೆ ಆಗ ನೆನಪಾಗ್ತಿದ್ದಿದ್ದು ಟೀವಿಲಿ ಬರೋ, ಹೆಗಲಿಗೆ ರೈಫಲ್ ನೇತಾಕ್ಕೊಂಡು ಕೂಗಾಡೋ ಜನ. ಇವನು ಹಂಗಿರ್ಲಿಲ್ಲ, ಸಮಾಧಾನದ ಮನುಷ್ಯ, ಊಟದ ಹೊತ್ತಲ್ಲಿ ಒಂದೊಂದೇ ಬಿಡಿಸಿ ಹೇಳೋನು. ಅವನ ಮಾತಿನ ತಿರುಳು ಇಷ್ಟೇ: ಒಬ್ಬ ಮನುಷ್ಯ ಇನ್ನೊಬ್ಬರ ತಂಟೆಗೆ ಹೋಗದೇ ಇದ್ರೆ ಅವನ ಪಾಡಿಗೆ ಅವನನ್ನ ಬಿಡ್ಬೇಕು, ಅವನ ಹತ್ರ ಇರೋದನ್ನ ತಗೋಬೇಕು ಅಂದ್ರೆ ಯಾಕೆ ಅಂತ ಸರ್ಕಾರ ಹೇಳ್ಬೇಕು, ನಾನ್ಯಾಕೆ ಇಟ್ಕೊಂಡಿದೀನಿ ಅಂತ ಅವನು ಹೇಳ್ಬೇಕಾಗಿಲ್ಲ.

ಅವನು ಪದೇ ಪದೇ ಹೇಳ್ತಿದ್ದಿದ್ದು ಕತ್ರೀನಾ ಟೈಮಿನ ಕಥೆ. ಊರಿಗೆ ಊರೇ ನೀರಲ್ಲಿ, ಕರೆಂಟಿಲ್ಲ, ಫೋನಿಲ್ಲ, ಪೊಲೀಸರಲ್ಲೇ ಎಷ್ಟೋ ಜನ ಕೆಲಸ ಬಿಟ್ಟು ಹೋಗಿದ್ರು. ಅಂಥ ಹೊತ್ತಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರು ಇನ್ನು ಮೇಲೆ ಯಾರ ಹತ್ರನೂ ಬಂದೂಕು ಇರಕೂಡ್ದು ಅಂತ ಹೇಳಿದ್ರು, ಮನೆಮನೆಗೆ ಹೋಗಿ ಕಾನೂನುಬದ್ಧವಾಗಿ ಇಟ್ಕೊಂಡವರ ಬಂದೂಕನ್ನೂ ತಗೊಂಡ್ರು. ಬಂದೂಕು ಹಕ್ಕಿನ ಸಂಘಟನೆಗಳು ಕೋರ್ಟಿಗೆ ಹೋದ್ವು, ಅದೇ ಸೆಪ್ಟೆಂಬರಲ್ಲಿ ಫೆಡರಲ್ ಕೋರ್ಟ್ ನಿಲ್ಸಿ ಅಂತು. ಮೊದಲು ನಮ್ಮತ್ರ ಅಂಥ ಬಂದೂಕೇ ಇಲ್ಲ ಅಂದಿದ್ದ ನಗರಾಡಳಿತ 2006ರಲ್ಲಿ ಒಂದು ಸಾವಿರದಷ್ಟು ಇದೆ ಅಂತ ಒಪ್ಕೊಳ್ತು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ಸು ವಿಪತ್ತಿನ ನೆಪದಲ್ಲಿ ಕಾನೂನುಬದ್ಧ ಬಂದೂಕು ಕಿತ್ಕೊಳ್ಳೋ ಹಾಗಿಲ್ಲ ಅಂತ ಕಾನೂನೇ ಮಾಡ್ತು. ಇದನ್ನೆಲ್ಲ ಕೇಳಿ ಅವನಿಗೆ ನಾನು ನಮ್ಮೂರಲ್ಲಿ ಎಲೆಕ್ಷನ್ ಬಂದಾಗ ಕೋವಿ ಒಪ್ಪಿಸೋ ವಿಷಯ ಹೇಳಿದೆ. ಅವನು ಊಟ ನಿಲ್ಸಿ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮಪ್ಪ ಏನು ತಪ್ಪು ಮಾಡಿದಾರೆ ಅಂತ ಆ ನೋಟೀಸಲ್ಲಿ ಬರ್ದಿರುತ್ತೆ? ಏನೂ ಬರ್ದಿರಲ್ಲ ಅಂದೆ.

ಅಮೆರಿಕದಲ್ಲಿ ಬಂದೂಕು ಸಂವಿಧಾನದ ಹಕ್ಕು, 1791ರ ಎರಡನೇ ತಿದ್ದುಪಡಿ. ಅದು ಒಬ್ಬೊಬ್ಬ ವ್ಯಕ್ತಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದ್ದು 2008ರ ಹೆಲ್ಲರ್ ಕೇಸಲ್ಲಿ, ಅದೂ 5-4ರ ಬಹುಮತದಲ್ಲಿ. ಆ ಕೇಸಿಗೆ ದುಡ್ಡು ಹಾಕಿ ನಿಂತಿದ್ದು ಕೇಟೋ ಇನ್‌ಸ್ಟಿಟ್ಯೂಟ್ ಅನ್ನೋ ಲಿಬರ್ಟೇರಿಯನ್ ಸಂಸ್ಥೆಯ ರಾಬರ್ಟ್ ಲೆವಿ ಅನ್ನೋ ವಕೀಲರು. ಡಿಕ್ ಹೆಲ್ಲರ್ ಅಂದ್ರೆ ವಾಷಿಂಗ್ಟನ್ನಲ್ಲಿ ಸರ್ಕಾರಿ ಕಟ್ಟಡ ಕಾಯೋ ಗಾರ್ಡ್, ಡ್ಯೂಟಿಲಿ ಸೊಂಟಕ್ಕೆ ಪಿಸ್ತೂಲು ಕಟ್ಟೋರು, ಮನೆಗೆ ಹೋದ್ಮೇಲೆ ಇಟ್ಕೊಳ್ಳೋಹಾಗಿರ್ಲಿಲ್ಲ, 1976ರಿಂದ ಅಲ್ಲಿ ನಿಷೇಧ ಇತ್ತು. ಸರ್ಕಾರದ ಕಟ್ಟಡ ಕಾಯೋಕೆ ನಂಬ್ತೀರಿ, ನನ್ನ ಮನೆ ಕಾಯೋಕೆ ನಂಬಲ್ವಾ, ಆ ಕೇಸಿನ ಹೊಟ್ಟೆಯೊಳಗಿನ ಪ್ರಶ್ನೆ ಅದು.

ನಮ್ಮಲ್ಲಿ ಅದು ಹಕ್ಕಲ್ಲ. ಆದ್ರೆ ಆಗೋ ಹತ್ತಿರ ಬಂದಿತ್ತು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 1857ರ ದಂಗೆ ಆದ್ಮೇಲೆ ಬ್ರಿಟಿಷರು ಆಯುಧ ಒಪ್ಪಿಸಿ ಅಂತ ಹೊರಡಿಸಿದ ಹುಕುಂ ಮುಧೋಳ ಸಂಸ್ಥಾನದ ಹಲಗಲಿಗೂ ಬಂತು. ಬೇಟೆ ಮೇಲೆ ಬದುಕ್ತಿದ್ದ ಬೇಡರು ಕೊಡಲ್ಲ ಅಂದ್ರು, ದಂಡು ಬಂತು, ಊರು ಸುಟ್ರು, ಸಿಕ್ಕವರನ್ನ ಗಲ್ಲಿಗೆ ಹಾಕಿದ್ರು. ಅದರ ಲಾವಣಿ ನಾವು ಶಾಲೆಲಿ ಓದಿದೀವಿ, ನಮ್ಮ ಮೇಷ್ಟ್ರು ಮೇಜು ಬಡೀತಾ ಹಾಡೋರು, ನಾವೂ ಜೊತೆಗೆ ಬೆಂಚು ಬಡೀತಿದ್ವಿ. ಆಮೇಲೆ 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು, ಭಾರತೀಯರಿಗೆ ಲೈಸನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಅಹಿಂಸೆಯ ಗಾಂಧೀಜಿಯೇ 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸ್ತಿದ್ದಾಗ ಹಂಚಿದ ಕರಪತ್ರದಲ್ಲಿ, ಇಡೀ ದೇಶದ ಕೈಯಿಂದ ಆಯುಧ ಕಿತ್ಕೊಂಡ ಈ ಕಾಯ್ದೆನ ಬ್ರಿಟಿಷ್ ಆಳ್ವಿಕೆಯ ಕೆಟ್ಟ ಕೆಲಸಗಳಲ್ಲೇ ಅತಿ ಕರಾಳವಾದದ್ದು ಅಂತ ಬರೆದ್ರು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಪ್ರತಿ ಪ್ರಜೆಗೂ ಆಯುಧ ಇಟ್ಕೊಳ್ಳೋ ಹಕ್ಕು ಅಂತಾನೇ ಇತ್ತು.

ಅದನ್ನ ಸಂವಿಧಾನದ ಒಳಗೆ ತರೋಕೆ 1948ರ ಡಿಸೆಂಬರಲ್ಲಿ ಸಂವಿಧಾನ ಸಭೆಲಿ ತಿದ್ದುಪಡಿ ಮಂಡಿಸಿದ್ದು ಎಚ್.ವಿ. ಕಾಮತ್, ಮಂಗಳೂರಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದ್ರೂ ಪೇಟೆಗೆ ಹೋಗಿ ಬೇಕಾದ ಆಯುಧ ತರಬಹುದು ಅಂದ್ರೆ ರಾಜ್ಯ ಆಡಳಿತ ನಡೆಸೋದು ಹೇಗೆ ಅಂತ ಅವರು ಕೇಳಿದ್ರು. ನಾನು ಆ ಚರ್ಚೆನ ಎರಡು ಮೂರು ಸಲ ಓದಿದೀನಿ, ಓದಿದಾಗೆಲ್ಲ ಕಾಮತರ ಬಗ್ಗೆ ಅಭಿಮಾನ ಬರುತ್ತೆ, ಆದ್ರೆ ಅಂಬೇಡ್ಕರ್ ಹೇಳಿದ್ದನ್ನ ತಳ್ಳಿಹಾಕೋಕೆ ಆಗಲ್ಲ. ನಮ್ಮ ಹಳ್ಳಿಗಳಲ್ಲಿ ಕೋವಿ ಯಾರ ಮನೆಲಿತ್ತು, ಯಾರ ಎದೆಗೆ ಗುರಿ ಇಟ್ಟು ಜೀತ ಮಾಡಿಸ್ತಿದ್ರು ಅನ್ನೋದು ಅವರಿಗೆ ಗೊತ್ತಿರ್ಲಿಲ್ವಾ? ಹಕ್ಕು ಅಂತ ಕೊಟ್ಟುಬಿಟ್ರೆ ಅದು ಮೊದಲು ತಲುಪೋದು ದುಡ್ಡು, ಜಮೀನು ಇದ್ದವರ ಕೈಗೆ.

ಆದ್ರೆ 1959ರ ಆಯುಧ ಕಾಯ್ದೆ ಬಿಚ್ಚಿ ಓದಿದ್ರೆ ಆಶ್ಚರ್ಯ ಆಗುತ್ತೆ. ಅದು ನಾವು ಅಂದ್ಕೊಂಡಷ್ಟು ಜಿಪುಣ ಕಾನೂನಲ್ಲ. ಹದಿಮೂರನೇ ಸೆಕ್ಷನ್ನಲ್ಲಿ, ಬೆಳೆ ಕಾಯೋದಕ್ಕೆ ಬಾಯಿಂದ ಮದ್ದು ತುಂಬೋ ಕೋವಿ, ರಕ್ಷಣೆಗೆ ಉದ್ದ ನಳಿಗೆಯ ಸಾದಾ ಕೋವಿ ಕೇಳಿದ ಪ್ರಜೆಗೆ ಲೈಸನ್ಸ್ ಕೊಡತಕ್ಕದ್ದು ಅಂತಿದೆ, ಕೊಡಬಹುದು ಅಂತಲ್ಲ. ಹದಿನಾಲ್ಕರಲ್ಲಿ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸನ್ಸ್ ನಿರಾಕರಿಸಕೂಡದು ಅಂತಿದೆ. ಎಷ್ಟು ಒಳ್ಳೆ ಮಾತು ನೋಡಿ ಇದು, ಬಡವನ ಗದ್ದೆಗೂ ಹಂದಿ ಬರುತ್ತೆ ಅಂತ ಗೊತ್ತಿದ್ದವರು ಯಾರೋ ಬರೆದ ಹಾಗಿದೆ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿರೋದು ನಮ್ಮ ತಾಲೂಕಿಗೆ ಬರೋ ಹೊತ್ತಿಗೆ ವರ್ಷಗಟ್ಟಲೆ ಫೈಲು, ಅರಣ್ಯ ಇಲಾಖೆ ವರದಿ, ಪೊಲೀಸ್ ವರದಿ, ಪಹಣಿ, ಮತ್ತೆ ಬನ್ನಿ ಅನ್ನೋದಾಗುತ್ತೆ. ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದ್ದೂ ಅದೇ 1959ರಲ್ಲಿ, ಅವರು ಇದಕ್ಕೇ ಲೈಸನ್ಸ್ ಪರ್ಮಿಟ್ ರಾಜ್ ಅಂದಿದ್ದು. ಸಿಮೆಂಟು, ಸ್ಕೂಟರಿಗೆಲ್ಲ ಆ ರಾಜ್ 1991ರ ನಂತರ ಮುಗೀತು, ನಮ್ಮ ಜಗಲಿಲಿ ಇನ್ನೂ ಇದೆ.

ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಲೈಸನ್ಸ್ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಲೈಸನ್ಸ್ ಅಂದ್ರೆ ಎರಡೂ ಕಡೆಯ ಮಾತು. ಅಪ್ಪಯ್ಯ ತಮ್ಮ ಹೆಸರು, ವಿಳಾಸ, ಕೋವಿ ನಂಬರ್ ಎಲ್ಲ ಕೊಟ್ಟಿದಾರೆ, ಪೊಲೀಸರು ಬಂದು ವಿಚಾರಿಸಿದಾರೆ, ಈ ಮನುಷ್ಯನ ಹತ್ರ ಇರಬಹುದು ಅಂತ ಸರ್ಕಾರವೇ ಸೀಲು ಹೊಡೆದಿದೆ. ಹಂಗಿದ್ಮೇಲೆ ಆ ನಂಬಿಕೆ ವಾಪಸ್ ತಗೋಬೇಕಾದ್ರೆ ಆ ಮನುಷ್ಯನ ಬಗ್ಗೆ ಏನಾದ್ರೂ ಗೊತ್ತಾಗಿರ್ಬೇಕು. ಪಟ್ಟಿಲಿದ್ದಾನೆ ಅನ್ನೋದೇ ಕಾರಣ ಆದ್ರೆ ಪಟ್ಟಿಗೆ ಸೇರಿದ್ದೇ ತಪ್ಪಾಯ್ತು.

ಅಮೆರಿಕದ ಗೆಳೆಯ ಇಲ್ಲಿಗೆ ನಿಲ್ತಿರ್ಲಿಲ್ಲ. ಅವನು ಕ್ಯಾಸಲ್ ರಾಕ್ ಕೇಸು ಎತ್ತೋನು. ಕೊಲೊರಾಡೊದಲ್ಲಿ 1999ರಲ್ಲಿ ಗಂಡ ಹತ್ರ ಬರಕೂಡದು ಅಂತ ಕೋರ್ಟ್ ಆದೇಶ ತಂದಿದ್ದ ಹೆಂಗಸಿನ ಮೂರು ಹೆಣ್ಣುಮಕ್ಕಳನ್ನ ಅವನು ಎತ್ಕೊಂಡು ಹೋದ, ತಾಯಿ ರಾತ್ರಿಯಿಡೀ ಪೊಲೀಸರಿಗೆ ಫೋನ್ ಮಾಡಿದ್ಲು, ಸ್ಟೇಷನ್ನಿಗೇ ಹೋಗಿ ಕೂತಳು, ಯಾರೂ ಹುಡುಕೋಕೆ ಹೋಗ್ಲಿಲ್ಲ, ಮೂರೂ ಮಕ್ಕಳು ಕೊಲೆಯಾಗಿ ಹೋದ್ವು. 2005ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಪಾಲಿಸೋ ಸಾಂವಿಧಾನಿಕ ಬಾಧ್ಯತೆ ಪೊಲೀಸರಿಗಿರ್ಲಿಲ್ಲ ಅಂತು. ನೋಡು, ಕಾಪಾಡೋ ಹೊಣೆ ಹೊರದ ಸರ್ಕಾರ ನೀನೇ ಕಾಪಾಡ್ಕೊಳ್ಳೋ ದಾರಿನೂ ಮುಚ್ಚಬಾರ್ದು ಅಂತ ಅವನ ವಾದ. ನನಗೆ ಎದೆಗೆ ನಾಟಿತ್ತು ಅದು. ಮನೆಗೆ ಬಂದು ಆ ತೀರ್ಪು ಓದಿದೆ. ಆ ಅಪ್ಪನ ಕೈಲಿದ್ದ ಪಿಸ್ತೂಲು ಅವತ್ತೇ ಸಂಜೆ ಕೊಂಡಿದ್ದು ಅಂತ ಅದರಲ್ಲೇ ಇದೆ. ಮಾರನೇ ದಿನ ಅವನಿಗೆ ಹೇಳಿದೆ, ನಿನ್ನ ಕೇಸಲ್ಲೇ ಅಂಬೇಡ್ಕರ್ ಪ್ರಶ್ನೆನೂ ಇದೆಯಲ್ಲೋ ಅಂತ. ಅವನು ತುಂಬಾ ಹೊತ್ತು ಏನೂ ಹೇಳ್ಲಿಲ್ಲ.

ಇನ್ನೊಂದು ವಿಷಯ ಅವನಿಗೆ ಹೇಳಿರ್ಲಿಲ್ಲ, ಇಲ್ಲಿ ಬರೀತೀನಿ, ಚಿಕ್ಕಪ್ಪನ ಒಪ್ಪಿಗೆ ಕೇಳಿಯೇ ಬರೀತಿದೀನಿ. 2001ರ ಹೊತ್ತಿಗೆ ಅಡಿಕೆ ರೇಟು ನೆಲ ಕಚ್ಚಿತ್ತು. ರೇಟಿದ್ದಾಗ ಸೊಸೈಟಿಲಿ ಸಾಲ ಮಾಡಿ ಹೊಸ ತೋಟ ಹಾಕಿದ್ದ ಚಿಕ್ಕಪ್ಪ ಮಾತು ಕಡಿಮೆ ಮಾಡಿದ್ರು, ಊಟಕ್ಕೆ ಕೂತವರು ಹಂಗೇ ಎದ್ದು ಹೋಗೋರು. ಆಗ ನಮ್ಮದು ಒಟ್ಟು ಕುಟುಂಬ. ಒಂದಿನ ಬೆಳಿಗ್ಗೆ ಅಪ್ಪಯ್ಯ ಯಾರಿಗೂ ಏನೂ ಹೇಳ್ದೆ ಕೋವಿ ಗೋಣಿಲಿ ಸುತ್ಕೊಂಡು ಮೊದಲ ಬಸ್ಸಿಗೆ ಹೋಗಿ ಅದೇ ಸ್ಟೇಷನ್ನಲ್ಲಿ ಕೊಟ್ಟು ಬಂದ್ರು. ಯಾವ ಎಲೆಕ್ಷನ್ನೂ ಇರ್ಲಿಲ್ಲ. "ಸ್ವಲ್ಪ ತಿಂಗಳು ನಿಮ್ಮಲ್ಲೇ ಇರ್ಲಿ ಸಾಹೇಬ್ರೆ" ಅಂದ್ರಂತೆ, ಆಗಿನ ಎಸ್‌ಐ ಯಾಕೆ ಅಂತ ಮುಖ ನೋಡಿ ಆಮೇಲೆ ಕೇಳ್ಲಿಲ್ಲವಂತೆ. ಆ ವರ್ಷ ಹಂದಿ ಎಷ್ಟು ತಿಂದ್ವೋ ತಿನ್ಲಿ ಅಂತ ಬಿಟ್ರು. ಎಂಟು ತಿಂಗಳ ಮೇಲೆ ಚಿಕ್ಕಪ್ಪನೇ, ಅಣ್ಣ ಕೋವಿ ತಗೊಂಡ್ಬಾ, ಮಂಗನ ಕಾಟ ಜಾಸ್ತಿಯಾಗಿದೆ ಅಂದ್ರು. ಅಮೆರಿಕದಲ್ಲಿ ಬಂದೂಕಿಂದ ಆಗೋ ಸಾವಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು ಅಂತ ಓದಿದಾಗ ನನಗೆ ಆ ಎಂಟು ತಿಂಗಳೇ ಕಣ್ಮುಂದೆ ಬರೋದು. ಕೋವಿ ಮನೆಯಿಂದ ಹೊರಗಿರ್ಬೇಕಾದ ದಿನಗಳು ಇರ್ತವೆ. ಅದು ಯಾವತ್ತು ಅಂತ ಮನೆಯವರಿಗೆ ಗೊತ್ತಾಗಿತ್ತು, ಆ ಮನೆಯ ಮುಖ ನೋಡಿ ಗೊತ್ತಾಗಿತ್ತು.

ಕೊಡಗಿನ ಮಾತು ಎತ್ತದೆ ಇರೋಕಾಗಲ್ಲ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ, ಅಂದ್ರೆ ವಂಶಪಾರಂಪರ್ಯವಾಗಿ ಜಮೀನು ಹಿಡಿದವರಿಗೆ, ಲೈಸನ್ಸೇ ಬೇಡ, ವಿನಾಯಿತಿ ಪತ್ರ ಸಾಕು, ಬ್ರಿಟಿಷರ ಕಾಲದಿಂದ ಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ವಿಸ್ತರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಜನ, ಮಗು ಹುಟ್ಟಿದ್ರೆ ಒಂದು ಈಡು ಹಾರಿಸೋ ಜನ, ಅದನ್ನ ಅವರಿಂದ ಕಿತ್ಕೋಬೇಕು ಅಂತ ನಾನು ಹೇಳಲ್ಲ. ಕೋವಿಗಳ ಊರಾದ ಕೊಡಗು ಹೊತ್ತಿ ಉರೀತಿಲ್ಲ ಅನ್ನೋದನ್ನ ಸರ್ಕಾರ ಗಮನಿಸಿದ್ರೆ ಸಾಕು.

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ, ಅದೇ ಹೆಚ್ಚು ನೋವು ಕೊಡೋದು. ಜಿಲ್ಲೆಗೊಂದು ಸ್ಕ್ರೀನಿಂಗ್ ಕಮಿಟಿ ಮಾಡಿ, ಜಾಮೀನಿನ ಮೇಲೆ ಹೊರಗಿರೋರು, ಅಪರಾಧದ ಹಿನ್ನೆಲೆ ಇರೋರು, ಹಿಂದೆ ದೊಂಬಿಲಿ ಭಾಗವಹಿಸಿದವರು ಯಾರು ಅಂತ ಒಬ್ಬೊಬ್ಬರದೇ ನೋಡಿ ತೀರ್ಮಾನ ಮಾಡಿ ಅಂತ ಚುನಾವಣಾ ಆಯೋಗವೇ ಹೇಳಿದೆ. 2009ರಲ್ಲಿ ಬಾಂಬೆ ಹೈಕೋರ್ಟ್ ಎಲ್ರೂ ಒಪ್ಪಿಸಿ ಅಂತ ಸಾರಾಸಗಟು ಆದೇಶ ಮಾಡೋದು ಸರಿಯಲ್ಲ ಅಂದಿದೆ. ಒಬ್ಬೊಬ್ಬರದು ನೋಡೋಕೆ ಸಿಬ್ಬಂದಿ ಬೇಕು, ಸಮಯ ಬೇಕು, ಎಲ್ರೂ ತನ್ನಿ ಅನ್ನೋದು ಸುಲಭ. ನಮ್ಮ ಬೆಳೆ ಹೋಗಿದ್ದು ಆ ಸುಲಭಕ್ಕೆ.

ಜೂನ್ ಎರಡನೇ ವಾರ ಕೋವಿ ವಾಪಸ್ ತಂದಾಗ ನಳಿಗೆ ಬಾಯಲ್ಲಿ ಬೆರಳುಗುರಿನಷ್ಟು ಅಗಲ ತುಕ್ಕು, ಹಿಂದಿನ ಮರದ ಭಾಗದಲ್ಲಿ ಕೂದಲೆಳೆಯಷ್ಟು ಸೀಳು. ಅಪ್ಪಯ್ಯ ಏನೂ ಅನ್ಲಿಲ್ಲ, ಮತ್ತೆ ಅದೇ ಪಂಚೆ ಹಾಸಿ ಕೂತ್ರು. ಅಜ್ಜನ ಕೈಯ ಬೆವರಿಗೆ ಆ ಮರ ಒಂದು ಕಡೆ ಕಪ್ಪಾಗಿದೆ, ಅಲ್ಲಿಗೆ ಬಂದಾಗ ಮಾತ್ರ ಹೆಬ್ಬೆರಳಲ್ಲಿ ಮೆಲ್ಲಗೆ ಉಜ್ತಿದ್ರು. ಎರಡು ದಿನ ಬಿಟ್ಟು ನಾನು ಒಂದು ಅರ್ಜಿ ಬರೆದೆ. ಮುಂದಿನ ಚುನಾವಣೆಗೆ ಮೊದಲು ನಮ್ಮ ಲೈಸನ್ಸನ್ನ ಸ್ಕ್ರೀನಿಂಗ್ ಕಮಿಟಿ ಮುಂದೆ ಇಡಿ, ಒಪ್ಪಿಸಬೇಕು ಅಂತ ತೀರ್ಮಾನ ಆದ್ರೆ ಕಾರಣನ ಬರವಣಿಗೆಲಿ ಕೊಡಿ, ಇಷ್ಟೇ, ಒಂದು ಪುಟ. ಬೆಂಚಿನ ಮೇಲೆ ಕೂತಿದ್ದವರಲ್ಲಿ ಹನ್ನೊಂದು ಜನ ಸಹಿ ಹಾಕಿದ್ರು, ಕಿವಿ ಕೇಳ್ಸದ ಅಜ್ಜ ಪೂರ್ತಿ ಓದಿಸ್ಕೊಂಡು, ಕಾರಣ ಅನ್ನೋ ಪದದ ಹತ್ರ ಇನ್ನೊಂದು ಸಲ ಓದು ಅಂದು, ಆಮೇಲೆ ಹೆಬ್ಬೆಟ್ಟು ಒತ್ತಿದ್ರು. ತಪಾಲು ವಿಭಾಗದಲ್ಲಿ ಸೀಲು ಹಾಕಿ ಒಂದು ಕಾಪಿ ಕೊಟ್ರು. ಉತ್ತರ ಬಂದಿಲ್ಲ. ಅಪ್ಪಯ್ಯ ಆ ಕಾಪಿನ ಮಡಚಿ ಲೈಸನ್ಸ್ ಪುಸ್ತಕ ಇರೋ ಪ್ಲಾಸ್ಟಿಕ್ ಕವರಲ್ಲೇ ಇಟ್ಟಿದಾರೆ.